ಐದು ನಿಮಿಷಕ್ಕೊಂದು ಹನಿ ಕೊಬ್ಬು

ಗರ್ಭದ ಕೊನೆಯ ಮೂರು ತಿಂಗಳು ಮಗು ಕೊಬ್ಬು ಕೂಡಿಡುವ ಕಾಲ. ಆರು ತಿಂಗಳ ಹೊತ್ತಿಗೆ ಅದರ ಮೈಯಲ್ಲಿರುವ ಕೊಬ್ಬು ತೂಕದ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳು. ಅದರಡಿಯ ರಕ್ತನಾಳಗಳು ಬರಿಗಣ್ಣಿಗೇ ಕಾಣುತ್ತವೆ. ದಿನ ತುಂಬಿ ಹುಟ್ಟುವ ಮಗುವಿನಲ್ಲಿ ಈ ಪಾಲು ನೂರಕ್ಕೆ 12ರಿಂದ 15ರವರೆಗೆ ಏರಿರುತ್ತದೆ. ಕೆನ್ನೆ ತುಂಬುವುದು, ತೊಡೆಯಲ್ಲಿ ಮಡಿಕೆ ಬೀಳುವುದು ಎಲ್ಲವೂ ಆ ಕೊನೆಯ ವಾರಗಳ ಕೆಲಸ. ಅದಕ್ಕೆ ಬೇಕಾದ ಸಾಮಗ್ರಿ ತಾಯಿಯ ರಕ್ತದಿಂದ ಮಾಸನ್ನು ದಾಟಿ, ಹೊಕ್ಕುಳಬಳ್ಳಿಯಲ್ಲಿ ಹಗಲಿರುಳೂ ಹರಿದುಬರುತ್ತಿರುತ್ತದೆ. ಹೆರಿಗೆ ಮೊದಲೇ ಆಗಿಬಿಟ್ಟರೆ ಆ ಹರಿವು ಒಮ್ಮೆಲೇ ನಿಂತುಹೋಗುತ್ತದೆ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟು ದೊಡ್ಡ ಸಂಖ್ಯೆ ಇಲ್ಲ. ಇವರಲ್ಲಿ ಹೆಚ್ಚಿನವರು ಕೆಲವೇ ವಾರ ಮುಂಚೆ ಬಂದವರು, ಬೇಗ ಚೇತರಿಸಿಕೊಳ್ಳುತ್ತಾರೆ. 32 ವಾರಕ್ಕಿಂತ ಮೊದಲು, ಅದರಲ್ಲೂ 28 ವಾರಕ್ಕಿಂತ ಮೊದಲು ಹುಟ್ಟಿದವರ ಪಾಡು ಬೇರೆ. ಅವರಿಗೆ ಮೊಲೆ ಚೀಪಲು ಬಾರದು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34 ವಾರಕ್ಕೆ ಬರುತ್ತದೆ. ಕರುಳು ಇನ್ನೂ ಎಳಸು. ಒಮ್ಮೆಲೇ ಹೆಚ್ಚು ಹಾಲು ಹೋದರೆ ಅದಕ್ಕೆ ತಾಳಿಕೆಯಿಲ್ಲ.

ಹೀಗೆ ಬಾಯಿಯ ದಾರಿ ಇನ್ನೂ ತೆರೆಯದ ಮಕ್ಕಳಿಗೆ ಊಟವನ್ನು ನೇರವಾಗಿ ರಕ್ತಕ್ಕೆ ಕೊಡಬೇಕಾಗುತ್ತದೆ. ಸಕ್ಕರೆಯಾಗಿ ಗ್ಲೂಕೋಸ್, ಪ್ರೋಟೀನ್ ಬದಲಿಗೆ ಅಮೈನೋ ಆಮ್ಲಗಳು, ಜೊತೆಗೆ ಲವಣ, ವಿಟಮಿನ್ ಮತ್ತು ಕೊಬ್ಬು. ಆಸ್ಪತ್ರೆಯ ಮಾತಿನಲ್ಲಿ ಇಡೀ ವ್ಯವಸ್ಥೆಗೆ ಟಿಪಿಎನ್ ಎಂದೂ, ಅದರಲ್ಲಿನ ಕೊಬ್ಬಿಗೆ ಬರೀ ಲಿಪಿಡ್ ಎಂದೂ ಹೆಸರು. ಇವೆಲ್ಲವುಗಳಲ್ಲಿ ತಯಾರಿಸಲು ಅತಿ ಕಷ್ಟವಾದದ್ದು, ಕೊಡುವಾಗ ಅತಿ ಹೆಚ್ಚು ಎಚ್ಚರ ಬೇಡುವುದು ಈ ಲಿಪಿಡ್.

ಕೊಬ್ಬೇ ಏಕೆ ಬೇಕು

ಒಂದು ಕಿಲೋ ತೂಕದ ಶಿಶುವಿನ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅದರ ಮೈಯಲ್ಲಿರುವ ಕೊಬ್ಬು ಒಟ್ಟು ಹತ್ತಿಪ್ಪತ್ತು ಗ್ರಾಂ. ಬರೀ ನೀರು ಕೊಟ್ಟು ಬಿಟ್ಟರೆ ಮೈಯಲ್ಲಿರುವ ದಾಸ್ತಾನೆಲ್ಲ ನಾಲ್ಕೈದು ದಿನಕ್ಕೆ ಬರಿದಾಗುತ್ತದೆ. ದಿನ ತುಂಬಿದ ಮಗುವಿನ ದಾಸ್ತಾನು ಅದೇ ಲೆಕ್ಕದಲ್ಲಿ ಸುಮಾರು ಒಂದು ತಿಂಗಳು ಬರುತ್ತದೆ. ಮೊದಲ ದಿನಗಳು ಕಳೆದ ಮೇಲೆ, ರಕ್ತನಾಳದ ಮೂಲಕವೇ ಪೂರ್ತಿ ಊಟ ಪಡೆಯುವ ಅವಧಿಪೂರ್ವ ಶಿಶುವಿಗೆ ಕಿಲೋ ತೂಕಕ್ಕೆ ದಿನಕ್ಕೆ 90ರಿಂದ 120 ಕಿಲೋ ಕ್ಯಾಲೊರಿ ಬೇಕು. ಉಸಿರಾಟಕ್ಕೆ, ಮೈ ಬೆಚ್ಚಗಿಡುವುದಕ್ಕೆ, ಬೆಳವಣಿಗೆಗೆ, ಎಲ್ಲಕ್ಕೂ ಇದರಿಂದಲೇ ಖರ್ಚು.

ಇಷ್ಟನ್ನೂ ಸಕ್ಕರೆಯಿಂದಲೇ ಪೂರೈಸಲು ಆಗುವುದಿಲ್ಲ. ನೂರಕ್ಕೆ ಹತ್ತರ ಗ್ಲೂಕೋಸ್ ದ್ರಾವಣದ 100 ಮಿಲಿಲೀಟರಿನಲ್ಲಿ ಇರುವುದು 34 ಕಿಲೋ ಕ್ಯಾಲೊರಿ ಮಾತ್ರ. ಹೆಚ್ಚು ದ್ರವ ಸುರಿದರೆ ಪುಟ್ಟ ಹೃದಯ, ಶ್ವಾಸಕೋಶಗಳಿಗೆ ಭಾರ. ದ್ರಾವಣವನ್ನು ಗಟ್ಟಿ ಮಾಡಿದರೆ ಕೈಕಾಲಿನ ಸಣ್ಣ ರಕ್ತನಾಳ ಉರಿದು ಹಾಳಾಗುತ್ತದೆ, ರಕ್ತದಲ್ಲಿ ಸಕ್ಕರೆ ಮಿತಿಮೀರುತ್ತದೆ. ಕೊಬ್ಬಿನ ಗುಣ ಬೇರೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲೊರಿ ಇದೆ. ನೂರಕ್ಕೆ 20ರ ಲಿಪಿಡ್ ದ್ರವದ ಒಂದೊಂದು ಮಿಲಿಲೀಟರ್ ಸುಮಾರು 2 ಕಿಲೋ ಕ್ಯಾಲೊರಿ ಕೊಡುತ್ತದೆ. ಮೂರು ಟೀ ಚಮಚ, ಅಂದರೆ 15 ಮಿಲಿಲೀಟರ್ ಲಿಪಿಡ್ ಕೊಡುವ ಶಕ್ತಿಗೆ ಸಮನಾಗಲು ಗ್ಲೂಕೋಸ್ ದ್ರಾವಣ ಸುಮಾರು 90 ಮಿಲಿಲೀಟರ್ ಬೇಕು. ಲಿಪಿಡ್ ದ್ರವದ ಸಾಂದ್ರತೆ ರಕ್ತಕ್ಕೆ ಹೊಂದುವಂತಿರುವುದರಿಂದ ಅದು ಸಣ್ಣ ರಕ್ತನಾಳವನ್ನೂ ಸುಡುವುದಿಲ್ಲ. ಸಕ್ಕರೆಗೆ ಹೋಲಿಸಿದರೆ ಕೊಬ್ಬು ದಹನವಾಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆ.

ಶಕ್ತಿಯಷ್ಟೇ ಕಾರಣವಲ್ಲ. ಕೆಲವು ಕೊಬ್ಬಿನಾಮ್ಲಗಳನ್ನು ಮನುಷ್ಯನ ದೇಹ ತಾನೇ ತಯಾರಿಸಿಕೊಳ್ಳಲಾರದು. ಲಿನೊಲೆಯಿಕ್ ಆಮ್ಲ, ಆಲ್ಫಾ ಲಿನೊಲೆನಿಕ್ ಆಮ್ಲ ಎರಡೂ ಹೊರಗಿನಿಂದಲೇ ಬರಬೇಕು. ಇವು ದೊರೆಯದಿದ್ದರೆ ಬೆಳವಣಿಗೆ ನಿಲ್ಲುತ್ತದೆ, ಚರ್ಮ ಒಣಗಿ ಹೊಪ್ಪಳೆ ಏಳುತ್ತದೆ, ಕೂದಲು ಉದುರುತ್ತದೆ, ರಕ್ತದ ಪ್ಲೇಟ್‌ಲೆಟ್ ಕುಸಿಯುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ದೊಡ್ಡವರಲ್ಲಿ ಈ ಕೊರತೆ ತಲೆದೋರಲು ವಾರಗಳು ಬೇಕು. ಅವಧಿಪೂರ್ವ ಶಿಶುವಿನಲ್ಲಿ ಮೂರು ದಿನದೊಳಗೆ ರಕ್ತಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು.

ಮೆದುಳಿನ ಕಟ್ಟೋಣಕ್ಕೂ ಕೊಬ್ಬೇ ಇಟ್ಟಿಗೆ. ಡಿಎಚ್‌ಎ, ಅರಾಕಿಡೋನಿಕ್ ಆಮ್ಲ ಎಂಬ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಮೆದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಸೇರುವುದು ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ. 34ನೆಯ ವಾರದಲ್ಲಿ ಮಗುವಿನ ಮೆದುಳಿನ ತೂಕ ದಿನ ತುಂಬಿದಾಗಿನ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಉಳಿದ ಪಾಲು ಬೆಳೆಯಬೇಕಾದ ವಾರಗಳನ್ನೇ ಅವಧಿಪೂರ್ವ ಶಿಶು ತಾಯಿಯ ಹೊಟ್ಟೆಯ ಬದಲು ನಿಗಾ ಘಟಕದ ವಾರ್ಮರ್ ಕೆಳಗೆ ಕಳೆಯುತ್ತದೆ.

ಎಣ್ಣೆಯನ್ನು ರಕ್ತಕ್ಕೆ ಸೇರಿಸಿದ ಕಥೆ

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಸಾರಿನ ಒಗ್ಗರಣೆಯ ಎಣ್ಣೆ ಮೇಲೆ ತೇಲುವ ಹಾಗೆ ರಕ್ತದಲ್ಲೂ ಅದು ಗುಳ್ಳೆಯಾಗಿ ಬೇರೆಯೇ ಉಳಿಯುತ್ತದೆ. ಆ ಗುಳ್ಳೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. 17ನೆಯ ಶತಮಾನದಲ್ಲಿಯೇ ನಾಯಿಯ ರಕ್ತನಾಳಕ್ಕೆ ಆಲಿವ್ ಎಣ್ಣೆ ಚುಚ್ಚಿ ನೋಡಿದವರಿಗೆ ಈ ಕಹಿ ಅನುಭವ ಆಗಿತ್ತು.

ಕೊಬ್ಬು ಬೇಕೇ ಬೇಕು ಎಂಬುದು ತಿಳಿದದ್ದು ಬಹಳ ತಡವಾಗಿ. 1929ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬಿಲ್ಲದ ಆಹಾರವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಬೇರೆಲ್ಲ ಪೋಷಕಾಂಶ ಸಿಕ್ಕರೂ ಇಲಿಗಳ ಬಾಲದಲ್ಲಿ ಹೊಪ್ಪಳೆ ಎದ್ದಿತು, ಬೆಳವಣಿಗೆ ನಿಂತಿತು. ಲಿನೊಲೆಯಿಕ್ ಆಮ್ಲ ಕೊಟ್ಟಾಗ ಅವು ಚೇತರಿಸಿಕೊಂಡವು. ಕೊಬ್ಬು ಬರೀ ಉರುವಲು ಎಂಬ ಅಂದಿನ ನಂಬಿಕೆ ಅಲ್ಲಿಗೆ ಮುರಿಯಿತು.

ರಕ್ತಕ್ಕೆ ಕೊಡಬಲ್ಲ ಕೊಬ್ಬಿನ ಮೊದಲ ಪ್ರಯತ್ನಗಳು ಫಲಿಸಲಿಲ್ಲ. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ತಯಾರಾದ ಲಿಪೋಮುಲ್ ಜ್ವರ, ಬೆನ್ನುನೋವು, ಕಾಮಾಲೆ ತಂದೊಡ್ಡಿದ್ದರಿಂದ 1960ರ ದಶಕದಲ್ಲಿ ಬಳಕೆಯಿಂದ ಹೊರಬಿತ್ತು. ಸ್ವೀಡನ್ನಿನ ವೈದ್ಯವಿಜ್ಞಾನಿ ಆರ್ವಿಡ್ ವ್ರೆಟ್ಲಿಂಡ್ ಹಲವು ಎಣ್ಣೆಗಳನ್ನೂ ಹಲವು ಬೆರಕೆಗಳನ್ನೂ ಪರೀಕ್ಷಿಸುತ್ತ ಹೋಗಿ ಕೊನೆಗೆ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಹಳದಿಯ ಫಾಸ್ಫೊಲಿಪಿಡ್ ಜೋಡಿಯಲ್ಲಿ ಉತ್ತರ ಕಂಡುಕೊಂಡರು. 1960ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಅದರ ಹೆಸರು ಇಂಟ್ರಾಲಿಪಿಡ್.

ಅದೇ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡ್ಯುಡ್ರಿಕ್ ಮತ್ತು ಡಗ್ಲಾಸ್ ವಿಲ್ಮೋರ್ ಎಂಬ ಶಸ್ತ್ರಚಿಕಿತ್ಸಕರು ಸಣ್ಣ ಕರುಳು ಬಹುತೇಕ ಬೆಳೆಯದೆ ಹುಟ್ಟಿದ್ದ ಹೆಣ್ಣುಮಗುವಿಗೆ ದೊಡ್ಡ ರಕ್ತನಾಳದ ಮೂಲಕವೇ ಆಹಾರ ಕೊಟ್ಟು ತಿಂಗಳುಗಟ್ಟಲೆ ಬೆಳೆಸಿದರು. 1968ರಲ್ಲಿ ಪ್ರಕಟವಾದ ಅವರ ವರದಿ ಈ ಚಿಕಿತ್ಸೆಗೆ ಬುನಾದಿ. ಆದರೆ ಸುರಕ್ಷಿತ ಲಿಪಿಡ್ ದ್ರವ ಅಮೆರಿಕಕ್ಕೆ ಬಂದದ್ದು 1970ರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ಕೊಬ್ಬಿಲ್ಲದ ಆಹಾರವನ್ನೇ ರಕ್ತನಾಳದ ಮೂಲಕ ಪಡೆದ ಅಲ್ಲಿನ ಶಿಶುಗಳಲ್ಲಿ ಬರ್ ದಂಪತಿ ಇಲಿಗಳಲ್ಲಿ ಕಂಡಿದ್ದ ಅದೇ ಕೊರತೆ ಕಾಣಿಸಿಕೊಂಡಿತು.

ಬಿಳಿ ದ್ರವದೊಳಗೆ ಏನಿದೆ

ಲಿಪಿಡ್ ನೋಡಲು ಹಾಲಿನಂತೆಯೇ ಇರುತ್ತದೆ; ಕಾರಣವೂ ಒಂದೇ. ಹಾಲು ಬೆಳ್ಳಗೆ ಕಾಣುವುದು ಅದರಲ್ಲಿ ಕೊಬ್ಬಿನ ಸೂಕ್ಷ್ಮ ಕಣಗಳು ತೇಲುತ್ತ ಬೆಳಕನ್ನು ಚದುರಿಸುವುದರಿಂದ. ಲಿಪಿಡ್ ಕೂಡ ಹೀಗೆ ಎಣ್ಣೆಯ ಕಣಗಳು ನೀರಿನಲ್ಲಿ ಹರಡಿಕೊಂಡಿರುವ ಇಮಲ್ಷನ್. ಒಂದೊಂದು ಎಣ್ಣೆಕಣದ ಸುತ್ತ ಮೊಟ್ಟೆಯ ಹಳದಿಯಿಂದ ತೆಗೆದ ಫಾಸ್ಫೊಲಿಪಿಡ್ ಪೊರೆ ಇರುತ್ತದೆ. ಆ ಪೊರೆಯ ಒಳಮುಖ ಎಣ್ಣೆಗೆ, ಹೊರಮುಖ ನೀರಿಗೆ ಒಗ್ಗುವಂಥದ್ದು. ಹಾಗಾಗಿ ಕಣಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಉಳಿಯುತ್ತವೆ. ದ್ರವದ ಸಾಂದ್ರತೆ ರಕ್ತಕ್ಕೆ ಹೊಂದಲೆಂದು ಸ್ವಲ್ಪ ಗ್ಲಿಸರಿನ್ ಸೇರಿಸಿರುತ್ತಾರೆ.

ಕಣದ ಗಾತ್ರವೇ ಇಲ್ಲಿ ಪ್ರಾಣದ ವಿಷಯ. ಸರಾಸರಿ ಅಡ್ಡಳತೆ ಅರ್ಧ ಮೈಕ್ರಾನಿಗಿಂತ ಕಡಿಮೆ ಇರಬೇಕು, ಅಂದರೆ ಕೆಂಪು ರಕ್ತಕಣದ ಅಗಲದ ಹದಿನೈದರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಕಣಗಳು ಕೂಡಿಕೊಂಡು 5 ಮೈಕ್ರಾನ್ ದಾಟಿದರೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳದಲ್ಲಿ ತಡೆಯಾಗಬಹುದು. ಅತಿಯಾದ ಕ್ಯಾಲ್ಸಿಯಂ, ಹುಳಿಯ ಅಂಶ, ಬಿಸಿಲು, ಹೆಪ್ಪುಗಟ್ಟುವಷ್ಟು ತಂಪು ಇವೆಲ್ಲ ಇಮಲ್ಷನ್ನನ್ನು ಒಡೆಯುತ್ತವೆ. ಒಡೆದ ಹಾಲಿನಂತೆ ಮೇಲೆ ಹಳದಿ ಎಣ್ಣೆಯ ಪದರ ಕಂಡ ಬಾಟಲಿಯನ್ನು ಎಸೆದುಬಿಡುವುದೇ ನಿಯಮ.

ರಕ್ತಕ್ಕೆ ಸೇರಿದ ಕಣವನ್ನು ದೇಹ ಪರಕೀಯವೆಂದು ನೋಡುವುದಿಲ್ಲ. ಊಟವಾದ ಮೇಲೆ ಕರುಳಿನಿಂದ ಹೊರಡುವ ಕೊಬ್ಬಿನ ಕಣಗಳ ಹಾಗೆಯೇ ಅದನ್ನು ನಡೆಸಿಕೊಳ್ಳುತ್ತದೆ. ಆ ಕಣ ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಎಚ್‌ಡಿಎಲ್‌ನಿಂದ ಒಂದು ಪ್ರೋಟೀನನ್ನು ಎರವಲು ಪಡೆಯುತ್ತದೆ. ಸೂಕ್ಷ್ಮ ರಕ್ತನಾಳದ ಗೋಡೆಯಲ್ಲಿರುವ ಲಿಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಆ ಗುರುತು ಹಿಡಿದು ಕಣದ ಕೊಬ್ಬನ್ನು ಕತ್ತರಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಸ್ನಾಯು, ಹೃದಯ, ಯಕೃತ್ತು ಸೇರಿ ಶಕ್ತಿಯಾಗುತ್ತವೆ, ಮಿಕ್ಕದ್ದು ದಾಸ್ತಾನಾಗುತ್ತದೆ. ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ ಹೋಗಲು ಕಾರ್ನಿಟಿನ್ ಎಂಬ ವಾಹಕ ಬೇಕು. ಬಹಳ ಬೇಗ ಹುಟ್ಟಿದ ಮಗುವಿನಲ್ಲಿ ಕೊಬ್ಬು ಕತ್ತರಿಸುವ ಆ ಕಿಣ್ವವೂ ಕಡಿಮೆ, ಕಾರ್ನಿಟಿನ್ ಕೂಡ ಕಡಿಮೆ. ಆದ್ದರಿಂದಲೇ ಲಿಪಿಡ್ ಕೊಡುವ ವೇಗ ಮಗುವಿನ ಅರಗಿಸುವ ಶಕ್ತಿಯನ್ನು ಮೀರುವಂತಿಲ್ಲ.

ತೊಟ್ಟಿಲ ಪಕ್ಕದಲ್ಲಿ

ಹಿಂದೆ ಹುಟ್ಟಿ ಹಲವು ದಿನ ಕಳೆಯುವವರೆಗೂ ವೈದ್ಯರು ಲಿಪಿಡ್ ಕೊಡಲು ಹಿಂಜರಿಯುತ್ತಿದ್ದರು. ಈಗಿನ ಪದ್ಧತಿ ಬೇರೆ. ಯುರೋಪಿನ ಮಕ್ಕಳ ಪೋಷಣಾ ಸಂಘಗಳು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹುಟ್ಟಿದ ಕೂಡಲೇ ಆರಂಭಿಸಬಹುದು, ಎರಡನೆಯ ದಿನ ಮೀರಬಾರದು. ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 1 ಅಥವಾ 2 ಗ್ರಾಂನಿಂದ ತೊಡಗಿ 3 ಗ್ರಾಂವರೆಗೆ ಏರಿಸುತ್ತಾರೆ. ಗರಿಷ್ಠ ಮಿತಿ 4 ಗ್ರಾಂ.

ಒಂದು ಕಿಲೋ ಮಗುವಿಗೆ ಮೂರು ಗ್ರಾಂ ಎಂದರೆ ದಿನಕ್ಕೆ 15 ಮಿಲಿಲೀಟರ್, ಗಂಟೆಗೆ ಸುಮಾರು 0.6 ಮಿಲಿಲೀಟರ್. ಹನಿಯ ಲೆಕ್ಕದಲ್ಲಿ ಐದು ನಿಮಿಷಕ್ಕೊಂದು ಹನಿ. ಇಷ್ಟು ನಿಧಾನದ ಹರಿವನ್ನು ಕೈಯಿಂದ ಹಿಡಿದಿಡುವುದು ಸಾಧ್ಯವಿಲ್ಲ, ಸಿರಿಂಜ್ ಪಂಪ್ ಬೇಕು. ಪಂಪಿನಲ್ಲಿ ಕೂರಿಸಿದ ಬಿಳಿ ಸಿರಿಂಜಿನ ಕಡ್ಡಿ ಒಳಗೆ ಸರಿಯುವುದು ಕಣ್ಣಿಗೆ ಕಾಣುವುದಿಲ್ಲ. ಗಂಟೆಗೊಮ್ಮೆ ನರ್ಸ್ ಬಂದು ಗೆರೆ ನೋಡಿ ಬರೆದಿಟ್ಟ ಅಂಕಿಯಿಂದಷ್ಟೇ ಹರಿವು ಗೊತ್ತಾಗುತ್ತದೆ. ಕೂದಲೆಳೆಯಂಥ ಸಣ್ಣ ಕೊಳವೆ ಮಗುವಿನ ಹೊಕ್ಕುಳಿನ ರಕ್ತನಾಳದ ಮೂಲಕವೋ, ತೋಳಿನಿಂದ ಹೃದಯದ ಸಮೀಪದವರೆಗೆ ಹೋಗುವ ಪಿಕ್ ಲೈನ್ ಮೂಲಕವೋ ಒಳಸೇರುತ್ತದೆ. ಗ್ಲೂಕೋಸ್, ಅಮೈನೋ ಆಮ್ಲದ ಕೊಳವೆ ಬೇರೆ, ಲಿಪಿಡ್ಡಿನದು ಬೇರೆ. ಎರಡೂ ಮಗುವಿನ ಹತ್ತಿರ ಬಂದ ಮೇಲೆ ಕವೆಯಾಕಾರದ ಜೋಡಣೆಯಲ್ಲಿ ಕೂಡುತ್ತವೆ. ಲಿಪಿಡ್ ದಾರಿಯಲ್ಲಿ 1.2 ಮೈಕ್ರಾನ್ ಜಾಲರಿಯ ಫಿಲ್ಟರ್ ಇರುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲೇ ಕರಗುವಂಥವಾದ್ದರಿಂದ ಅವನ್ನೂ ಲಿಪಿಡ್ಡಿಗೇ ಬೆರೆಸುತ್ತಾರೆ.

ಸಿರಿಂಜಿಗೂ ಕೊಳವೆಗೂ ಬೆಳಕು ತಾಗದಂಥ ಹೊದಿಕೆ ಇರಬೇಕು. ಬೆಳಕು ಬಿದ್ದ ಲಿಪಿಡ್‌ನಲ್ಲಿ ಪೆರಾಕ್ಸೈಡ್ ಎಂಬ ಹಾನಿಕರ ವಸ್ತುಗಳು ಹುಟ್ಟುತ್ತವೆ. ಅವಧಿಪೂರ್ವ ಶಿಶುಗಳ ದೇಹಕ್ಕೆ ಅವನ್ನು ಎದುರಿಸುವ ಶಕ್ತಿ ಕಡಿಮೆ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ರಕ್ತನಾಳದ ಮೂಲಕ ಕೊಡುವ ಅಮೈನೋ ಆಮ್ಲ, ಕೊಬ್ಬಿನ ದ್ರವಗಳನ್ನು ಬೆಳಕಿನಿಂದ ಕಾಪಾಡಬೇಕೆಂದು ಸೂಚಿಸಿತು.

ಅಪಾಯಗಳು, ಎಚ್ಚರಗಳು

ಮಗು ಲಿಪಿಡ್ಡನ್ನು ಅರಗಿಸಿಕೊಳ್ಳುತ್ತಿದೆಯೇ ಎಂಬುದಕ್ಕೆ ರಕ್ತದ ಟ್ರೈಗ್ಲಿಸರೈಡ್ ಮಟ್ಟವೇ ಸಾಕ್ಷಿ. ಅದು ಡೆಸಿಲೀಟರಿಗೆ 265 ಮಿಲಿಗ್ರಾಂ ದಾಟಿದರೆ ಲಿಪಿಡ್ ತಗ್ಗಿಸುವುದನ್ನು ಯೋಚಿಸಬೇಕೆಂದು ಅದೇ 2018ರ ಮಾರ್ಗಸೂಚಿ ಹೇಳುತ್ತದೆ. ಮಟ್ಟ ಬಹಳ ಏರಿದಾಗ ಪರೀಕ್ಷೆಯೇ ಬೇಡ ಎನ್ನುವಷ್ಟು ಸ್ಪಷ್ಟವಾಗಿ ಕಾಣುತ್ತದೆ: ರಕ್ತದ ಮಾದರಿಯನ್ನು ಗಿರಗಿರನೆ ತಿರುಗಿಸಿದ ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿರುತ್ತದೆ. ಸೋಂಕು ತಗಲಿದ ಮಗುವಿನಲ್ಲಿ ಅರಗಿಸುವ ಶಕ್ತಿ ಇನ್ನೂ ಕುಗ್ಗುವುದರಿಂದ ಆ ದಿನಗಳಲ್ಲಿ ಪರೀಕ್ಷೆ ಹೆಚ್ಚು ಸಲ ಬೇಕು.

ಅವಧಿಪೂರ್ವ ಶಿಶುಗಳಲ್ಲಿ ಕಾಮಾಲೆ ಸಾಮಾನ್ಯ. ಅದಕ್ಕೆ ಕಾರಣವಾದ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸಾಗುತ್ತದೆ. ಕೊಬ್ಬಿನಾಮ್ಲಗಳೂ ಅದೇ ಪ್ರೋಟೀನನ್ನು ಹಿಡಿಯುತ್ತವೆ. ಕೊಬ್ಬಿನಾಮ್ಲ ವಿಪರೀತವಾದರೆ ಬಿಲಿರುಬಿನ್ ಜಾಗ ಕಳೆದುಕೊಂಡು ಮೆದುಳಿಗೆ ಸೇರುವ ಭಯವಿದೆ. ಕಾಮಾಲೆ ತೀವ್ರವಾಗಿದ್ದಾಗ ಲಿಪಿಡ್ ಪ್ರಮಾಣವನ್ನು ಅಳೆದು ಕೊಡುವುದು ಇದಕ್ಕಾಗಿ.

ಮಗುವಿಗೆ ಹಿತವಾದ ಈ ಆಹಾರ ಸೂಕ್ಷ್ಮಜೀವಿಗಳಿಗೂ ಹಿತ. ಚರ್ಮದ ಮೇಲಿನ ಸಾಮಾನ್ಯ ಸ್ಟ್ಯಾಫಿಲೊಕಾಕಸ್, ಕೊಬ್ಬನ್ನೇ ನೆಚ್ಚಿ ಬದುಕುವ ಮಲಸೀಝಿಯಾ ಎಂಬ ಶಿಲೀಂಧ್ರ ಇವು ಲಿಪಿಡ್ ಕೊಳವೆಯಲ್ಲಿ ಬೆಳೆದು ರಕ್ತಕ್ಕೆ ಸೇರಬಹುದು. ಆದ್ದರಿಂದ ಕೊಳವೆಯನ್ನು ದಿನವೂ ಬದಲಿಸುತ್ತಾರೆ, ತೆರೆದ ಬಾಟಲಿಯನ್ನು ಮರುದಿನಕ್ಕೆ ಎತ್ತಿಡುವುದಿಲ್ಲ. ಕೈ ತೊಳೆಯುವುದು, ಜೋಡಣೆಯ ತುದಿಯನ್ನು ಪ್ರತಿ ಸಲ ಉಜ್ಜಿ ಒರೆಸುವುದು ಈ ಚಿಕಿತ್ಸೆಯ ಅತಿ ಸರಳ, ಅತಿ ಮುಖ್ಯ ಭಾಗ.

ಇನ್ನೊಂದು ಅಪಾಯ ಪಂಪಿನ ಅಂಕಿಯಲ್ಲಿದೆ. ಅಕ್ಕಪಕ್ಕದ ಎರಡು ಪಂಪುಗಳಲ್ಲಿ ಒಂದರ ವೇಗವನ್ನು ಇನ್ನೊಂದಕ್ಕೆ ಕೊಟ್ಟುಬಿಟ್ಟರೆ, ಗಂಟೆಗೆ 0.6 ಮಿಲಿಲೀಟರ್ ಹೋಗಬೇಕಾದ ಲಿಪಿಡ್ ಗಂಟೆಗೆ 5 ಮಿಲಿಲೀಟರ್ ಹೋಗಿ ಇಡೀ ದಿನದ ಪಾಲು ಮೂರೇ ಗಂಟೆಯಲ್ಲಿ ಮುಗಿಯುತ್ತದೆ. ಹೀಗೆ ಕೊಬ್ಬು ಮಿತಿಮೀರಿದಾಗ ಉಸಿರಾಟ ಕೆಡುತ್ತದೆ, ಜ್ವರ ಬರುತ್ತದೆ, ಯಕೃತ್ತು ಮತ್ತು ಗುಲ್ಮ ಊದಿಕೊಳ್ಳುತ್ತವೆ, ರಕ್ತ ಹೆಪ್ಪುಗಟ್ಟುವ ಕ್ರಮ ತಪ್ಪುತ್ತದೆ. ಅಮೆರಿಕದಲ್ಲಿ ಲಿಪಿಡ್ ದ್ರವಗಳ ಮಾಹಿತಿಪತ್ರದಲ್ಲಿ ಅವಧಿಪೂರ್ವ ಶಿಶುಗಳ ಸಾವಿನ ಬಗೆಗಿನ ಎಚ್ಚರಿಕೆಯನ್ನು ಬಹುಕಾಲ ಚೌಕಟ್ಟಿನೊಳಗೆ ಅಚ್ಚಿಸುತ್ತಿದ್ದರು. ಇಬ್ಬರು ನರ್ಸ್‌ಗಳು ಪಂಪಿನ ಅಂಕಿಯನ್ನು ಬೇರೆಬೇರೆಯಾಗಿ ಓದಿ ತಾಳೆ ನೋಡುವುದು, ಒಂದು ದಿನಕ್ಕೆ ಬೇಕಾದಷ್ಟನ್ನೇ ಸಿರಿಂಜಿಗೆ ತುಂಬುವುದು ಇಂಥ ತಪ್ಪಿಗೆ ಕಟ್ಟಿದ ಬೇಲಿ.

ಸೋಯಾದಿಂದ ಮೀನೆಣ್ಣೆಯವರೆಗೆ

ವಾರಗಟ್ಟಲೆ ರಕ್ತನಾಳದ ಆಹಾರವನ್ನೇ ನೆಚ್ಚಿದ ಮಕ್ಕಳಲ್ಲಿ ಪಿತ್ತರಸ ಯಕೃತ್ತಿನಲ್ಲೇ ಕಟ್ಟಿಕೊಂಡು ಮತ್ತೊಂದು ಬಗೆಯ ಕಾಮಾಲೆ ಬರುವುದುಂಟು. ಕರುಳಿಗೆ ಕೆಲಸವಿಲ್ಲದಿರುವುದು, ಸೋಂಕು, ಅಪಕ್ವ ಯಕೃತ್ತು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಸೋಯಾ ಎಣ್ಣೆಯೂ ಕಾರಣಗಳಲ್ಲೊಂದು. ಅದರಲ್ಲಿರುವ ಫೈಟೊಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುಗಳು ಪಿತ್ತದ ಹರಿವಿಗೆ ಅಡ್ಡಿಯಾಗುತ್ತವೆ. ಅದರ ಒಮೇಗಾ 6 ಕೊಬ್ಬಿನಾಮ್ಲಗಳು ಹೆಚ್ಚಾದರೆ ಉರಿಯೂತಕ್ಕೆ ಒತ್ತಾಸೆ.

2004ರಲ್ಲಿ ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಮಾರ್ಕ್ ಪೂಡರ್ ಮತ್ತು ಔಷಧತಜ್ಞೆ ಕ್ಯಾಥ್ಲೀನ್ ಗುರಾ ಇಂಥ ಮಕ್ಕಳಿಗೆ ಮೀನೆಣ್ಣೆಯಿಂದ ತಯಾರಾದ ಒಮೇಗಾವೆನ್ ಕೊಡಲು ತೊಡಗಿದರು. ಹಲವು ಮಕ್ಕಳಲ್ಲಿ ಕಾಮಾಲೆ ಇಳಿಯಿತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗೆಯ ಕಾಮಾಲೆಯ ಮಕ್ಕಳಿಗಾಗಿ ಅದಕ್ಕೆ ಅನುಮತಿ ಕೊಟ್ಟಿತು. ಮೀನೆಣ್ಣೆಯಲ್ಲಿ ಡಿಎಚ್‌ಎ, ಅದೇ ಬಗೆಯ ಇಪಿಎ ಎಂಬ ಕೊಬ್ಬಿನಾಮ್ಲ, ವಿಟಮಿನ್ ಇ ಹೇರಳ. ಲಿನೊಲೆಯಿಕ್ ಆಮ್ಲ ಮಾತ್ರ ಬಹಳ ಕಡಿಮೆ. ಎಲ್ಲ ಶಿಶುಗಳಿಗೂ ಅದೊಂದನ್ನೇ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಹಲವು ಎಣ್ಣೆಗಳ ಒಳ್ಳೆಯ ಗುಣಗಳನ್ನು ಒಂದೆಡೆ ತರುವ ಮಿಶ್ರಣಗಳೂ ಬಂದಿವೆ. ಸ್ಮಾಫ್‌ಲಿಪಿಡ್‌ನಲ್ಲಿ ಸೋಯಾ ಎಣ್ಣೆ ನೂರಕ್ಕೆ 30, ಮಧ್ಯಮ ಸರಪಳಿಯ ಕೊಬ್ಬು 30, ಆಲಿವ್ ಎಣ್ಣೆ 25, ಮೀನೆಣ್ಣೆ 15 ಪಾಲು. ಮಧ್ಯಮ ಸರಪಳಿಯ ಕೊಬ್ಬಿನ ಮುಖ್ಯ ಮೂಲಗಳಲ್ಲಿ ಅಡುಗೆಮನೆಯ ತೆಂಗಿನೆಣ್ಣೆಯೂ ಒಂದು. ಅದರ ಕೊಬ್ಬಿನಾಮ್ಲಗಳು ಕಾರ್ನಿಟಿನ್ ನೆರವನ್ನು ಹೆಚ್ಚು ಕಾಯದೆ ಬೇಗ ದಹನವಾಗುತ್ತವೆ. ಬೇರೊಂದು ಮಿಶ್ರಣದಲ್ಲಿ ಆಲಿವ್ 80 ಪಾಲು, ಸೋಯಾ 20 ಪಾಲು. ಆದರೂ ಅವಧಿಪೂರ್ವ ಶಿಶುಗಳ ಮೇಲಿನ ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸಾವು ಅಥವಾ ದೀರ್ಘಕಾಲದ ಶ್ವಾಸಕೋಶದ ತೊಂದರೆಯ ವಿಷಯದಲ್ಲಿ ಯಾವುದೇ ಒಂದು ಎಣ್ಣೆ ಉಳಿದವುಗಳಿಗಿಂತ ಮೇಲೆಂದು ಸಾಬೀತಾಗಿಲ್ಲ. ಯಾವ ಎಣ್ಣೆ ಎಂಬುದರಷ್ಟೇ ಬೇಗ ಆರಂಭಿಸುವುದು, ಹದವಾಗಿ ಕೊಡುವುದು, ಬೇಗ ಹಾಲಿಗೆ ಬದಲಾಯಿಸುವುದು ಮುಖ್ಯ.

ಹಾಲಿನ ಕಡೆಗೆ

ರಕ್ತನಾಳದ ಊಟ ಸೇತುವೆ ಮಾತ್ರ, ಆಚೆ ದಡದಲ್ಲಿರುವುದು ತಾಯಿಯ ಹಾಲು. ಲಿಪಿಡ್ ನಡೆಯುತ್ತಿರುವಾಗಲೇ ಮೂಗು ಅಥವಾ ಬಾಯಿಯ ಕೊಳವೆಯಿಂದ ಹೊಟ್ಟೆಗೆ ಎಳ್ಳಷ್ಟು ಹಾಲು ಹೋಗತೊಡಗುತ್ತದೆ. ಒಂದು ಕಿಲೋ ಮಗುವಿಗೆ ಮೊದಮೊದಲು ಇಡೀ ದಿನಕ್ಕೆ ಹತ್ತಿಪ್ಪತ್ತು ಮಿಲಿಲೀಟರ್. ಇದು ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಎಚ್ಚರಿಸಲು. ಕರುಳಿಗೆ ಹಾಲು ತಾಗಿದರೆ ಪಿತ್ತ ಹರಿಯುತ್ತದೆ, ಕಿಣ್ವಗಳು ಸಿದ್ಧವಾಗುತ್ತವೆ.

ತಾಯಿಯ ಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕೊಬ್ಬಿನಿಂದಲೇ ಬರುತ್ತದೆ. ಆ ಕೊಬ್ಬನ್ನು ಅರಗಿಸುವ ಒಂದು ಲೈಪೇಸ್ ಕಿಣ್ವವೂ ಹಾಲಿನಲ್ಲೇ ಇರುತ್ತದೆ. ತಾಯಿಯ ಹಾಲು ಸಾಲದಿದ್ದಾಗ ದಾನಿ ತಾಯಂದಿರ ಹಾಲು ನೆರವಾಗುತ್ತದೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ದಾನಿಯ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ಶುದ್ಧಗೊಳಿಸುವಾಗ ಆ ಕಿಣ್ವ ನಾಶವಾಗುತ್ತದೆ. ಆದ್ದರಿಂದ ಸ್ವಂತ ತಾಯಿಯ ಹಾಲಿಗೇ ಮೊದಲ ಸ್ಥಾನ. ಕೊಳವೆಯಲ್ಲಿ ನಿಧಾನವಾಗಿ ಹಾಲು ಹರಿಸುವಾಗ ಕೆನೆ ಸಿರಿಂಜಿನ ಗೋಡೆಗೆ ಅಂಟಿ ಮಗುವಿಗೆ ತಲುಪದೆ ಹೋಗುತ್ತದೆ. ಸಿರಿಂಜಿನ ತುದಿ ಮೇಲ್ಮುಖವಾಗಿರುವಂತೆ ಓರೆಯಾಗಿ ಇಟ್ಟರೆ ಮೇಲೇರಿದ ಕೆನೆ ಮೊದಲು ಹೊರಟು ಮಗುವಿನ ಹೊಟ್ಟೆ ಸೇರುತ್ತದೆ.

ಹಾಲು ದಿನದಿನಕ್ಕೂ ಏರಿದಂತೆ ಲಿಪಿಡ್ ಇಳಿಯುತ್ತದೆ. ಮಗು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 120 ಮಿಲಿಲೀಟರ್ ಹಾಲನ್ನು ಅರಗಿಸಿಕೊಳ್ಳತೊಡಗಿದಾಗ ಸಿರಿಂಜ್ ಪಂಪ್ ನಿಲ್ಲಿಸಿ, ಸೋಂಕಿನ ದಾರಿಯಾಗದಂತೆ ರಕ್ತನಾಳದ ಕೊಳವೆಯನ್ನು ತೆಗೆದುಬಿಡುತ್ತಾರೆ. ಅಲ್ಲಿಂದ ಮುಂದೆ ಮಗುವಿಗೆ ಬೇಕಾದ ಕೊಬ್ಬು ತಾಯಿಯ ಹಾಲಿನಿಂದಲೇ ಬರುತ್ತದೆ.